ಅದೇ ಹಾಡು, ಬೇರೆ ಹದ

ಪ್ರಶ್ನೆ: ಯು2 ಬ್ಯಾಂಡ್‌ನ 'ಪಾಪ್' ಕ್ಯಾಸೆಟ್ಟನ್ನು ಕಾಲೇಜು ದಿನಗಳಲ್ಲಿ ಸವೆಯುವಷ್ಟು ಕೇಳಿದ್ದೇನೆ. ಮೊನ್ನೆ ಅವರ 1990–2000ರ 'ಬೆಸ್ಟ್ ಆಫ್' ಸಿಡಿ ಹಾಕಿದರೆ 'ಡಿಸ್ಕೋಥೆಕ್', 'ಗಾನ್' ಎರಡೂ ಬೇರೆ ಥರ ಕೇಳಿಸುತ್ತವೆ. ನನ್ನ ಕಿವಿ ಕೆಟ್ಟಿತಾ? ಹಿಟ್ ಹಾಡುಗಳನ್ನು ಒಟ್ಟು ಮಾಡಿ ಕೊಡುವಾಗ ಅವನ್ನು ಮತ್ತೆ ಯಾಕೆ ಕೆದಕುತ್ತಾರೆ?
— ಓದುಗರು, ಮಣಿಪಾಲ

ಉತ್ತರ: ಕಿವಿ ಸರಿಯಾಗಿಯೇ ಉಂಟು ಮಾರಾಯ್ರೆ. 2002ರ ಆ ಸಿಡಿಗೆ ಹಳೆಯ ಕೆಲವು ಹಾಡುಗಳನ್ನು ಹೊಸದಾಗಿ ಮಿಕ್ಸ್ ಮಾಡಿದ್ದಾರೆ. ನೀವು ಹೇಳಿದ ಎರಡೂ ಅದರಲ್ಲಿ ಸೇರಿವೆ.

ಮೊದಲು ಮಿಕ್ಸ್ ಅಂದರೆ ಏನು ಅಂತ ನೋಡೋಣ. ಕೆಲವು ವರ್ಷದ ಹಿಂದೆ ಮಲ್ಪೆ ಹತ್ತಿರ ಒಂದು ಬಯಲಾಟಕ್ಕೆ ಹೋಗಿದ್ದೆ. ನಾನು ರಂಗಸ್ಥಳದ ಪಕ್ಕ, ಚೆಂಡೆಯವರ ಬಗಲಲ್ಲೇ ಕೂತು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ಮನೆಗೆ ಬಂದು ಕೇಳಿದರೆ ಬರೀ ಚೆಂಡೆ, ಭಾಗವತರು ಯಾವುದೋ ಬಾವಿಯೊಳಗಿಂದ ಹಾಡಿದ ಹಾಗೆ. ಗೆಳೆಯನೊಬ್ಬ ಮೈಕಿನವರ ಮಿಕ್ಸರಿನಿಂದ ನೇರವಾಗಿ ತೆಗೆದುಕೊಂಡಿದ್ದ. ಅದರಲ್ಲಿ ಭಾಗವತರ ಉಸಿರು ಕೂಡ ಕೇಳುತ್ತಿತ್ತು, ಚೆಂಡೆ ಮಾತ್ರ ಆಚೆ ಮನೆಯಲ್ಲಿ ಯಾರೋ ಬಾರಿಸಿದ ಹಾಗೆ. ಅದೇ ಆಟ, ಅದೇ ಪದ್ಯ, ಅದೇ ಗಳಿಗೆ. ಯಾವುದು ಎದುರಿಗೆ, ಯಾವುದು ಹಿಂದೆ ಅನ್ನುವುದಷ್ಟೇ ಬೇರೆ. ಸ್ಟುಡಿಯೋದಲ್ಲಿ ಡ್ರಮ್ಸ್, ಬಾಸ್, ಗಿಟಾರ್, ಗಾಯಕರ ದನಿ ಎಲ್ಲವನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿದಿಟ್ಟಿರುತ್ತಾರೆ. ಆ ಟ್ರ್ಯಾಕುಗಳು ಕೈಯಲ್ಲಿದ್ದರೆ ಇಪ್ಪತ್ತು ವರ್ಷ ಬಿಟ್ಟು ಕೂತೂ ಇನ್ನೊಂದು ಹದಕ್ಕೆ ತರಬಹುದು.

ಯು2ದ ಕಥೆ ಸ್ವಲ್ಪ ಪಾಪ ಅನ್ನಿಸುವಂಥದ್ದು. 1997ರಲ್ಲಿ 'ಪಾಪ್' ಮುಗಿಯುವ ಮೊದಲೇ ಊರೂರು ಹಾಡುವ ಪ್ರವಾಸದ ತಾರೀಕು ನಿಗದಿ ಆಗಿತ್ತು. ಛತ್ರ ಬುಕ್ ಮಾಡಿ ಆಮೇಲೆ ಹುಡುಗಿ ಹುಡುಕಿದ ಹಾಗೆ! ಗಡಿಬಿಡಿಯಲ್ಲಿ ಮುಗಿಸಿ ಕೊಟ್ಟರು, ಆ ಕೊರಗು ಅವರಿಗೆ ಉಳಿಯಿತು, 'ಬೆಸ್ಟ್ ಆಫ್' ಬಂದಾಗ ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸಿಕೊಂಡರು. ನಿಮಗೆ ಅದು ನೆನಪಿನ ಹಾಡು, ಅವರಿಗೆ ಬಾಕಿ ಉಳಿದ ಹೋಂವರ್ಕ್.

ಪರ್ಲ್ ಜಾಮ್‌ನವರದ್ದೂ ಇಂಥದ್ದೇ. 1991ರ 'ಟೆನ್' ಆಲ್ಬಮ್ ಕೋಟಿಗಟ್ಟಲೆ ಮಾರಾಟ ಆಯಿತು, ಆದರೆ ಅದರಲ್ಲಿ ಗುಂಯ್‌ಗುಡುವ ಪ್ರತಿಧ್ವನಿ ಜಾಸ್ತಿ, ಖಾಲಿ ಕಲ್ಯಾಣ ಮಂಟಪದಲ್ಲಿ ಹಾಡಿದ ಹಾಗೆ. ಬ್ಯಾಂಡಿನವರಿಗೇ ಅದು ಹಿಡಿಸಿರಲಿಲ್ಲ. 2004ರ ಹಿಟ್ಸ್ ಸಂಗ್ರಹಕ್ಕೆ ನಿರ್ಮಾಪಕ ಬ್ರೆಂಡನ್ ಓಬ್ರಯನ್ ಕೈಯಲ್ಲಿ ಮೂರು ಹಾಡು ರೀಮಿಕ್ಸ್ ಮಾಡಿಸಿದರು, 2009ರಲ್ಲಿ ಇಡೀ ಆಲ್ಬಮ್ಮನ್ನೇ ಮಾಡಿಸಿದರು. ಕೆನಡಾದ ರಷ್ ಬ್ಯಾಂಡ್ ಕೂಡ 'ವೇಪರ್ ಟ್ರೇಲ್ಸ್'ನ ಕಿವಿ ಕಿತ್ತುಹೋಗುವ ಅಬ್ಬರ ಇಳಿಸಲು ಮೊದಲು ಎರಡು ಹಾಡನ್ನು 2009ರ ಸಂಗ್ರಹದಲ್ಲಿ ಹಾಕಿತು, 2013ರಲ್ಲಿ ಪೂರ್ತಿ ಹೊಸ ಮಿಕ್ಸ್ ತಂದಿತು. ಗಮನಿಸಿದಿರಾ? ಹಿಟ್ಸ್ ಆಲ್ಬಮ್ ಅಂದರೆ ಇವರಿಗೆ ಭಟ್ಟರು ಸಾರಿನ ಹುಳಿ-ಉಪ್ಪು ನೋಡಲು ಅಂಗೈಗೆ ಬಿಟ್ಟುಕೊಳ್ಳುವ ಎರಡು ಹನಿ. ಸರಿಯಾಯಿತು ಅನ್ನಿಸಿದರೆ ಪಂಕ್ತಿಗೆ ಬಡಿಸುತ್ತಾರೆ.

ಹಾಗಂತ ಎಲ್ಲವೂ ಕೊರಗಿನಿಂದ ಆದದ್ದಲ್ಲ. ಹಳೆ ಆಲ್ಬಮ್ಮೆಲ್ಲ ಮನೆಯಲ್ಲಿರುವ ಅಭಿಮಾನಿ ಹಿಟ್ಸ್ ಸಿಡಿ ಯಾಕೆ ಕೊಳ್ಳಬೇಕು, ಹೇಳಿ? ಎಲ್ಲೂ ಸಿಗದ ಒಂದೆರಡು ಮಿಕ್ಸ್ ಸೇರಿಸಿದರೆ ಅವನೂ ಜೇಬಿಗೆ ಕೈ ಹಾಕುತ್ತಾನೆ. ನಾನೂ ಹಾಕಿದ್ದೇನೆ, ಹಂಪನಕಟ್ಟೆಯ ಅಂಗಡಿಯೊಂದರಲ್ಲಿ, ಒಂದೇ ಹಾಡಿಗಾಗಿ ಇಡೀ ಸಿಡಿ. ಅದು ಹಿಡಿಸಲೂ ಇಲ್ಲ, ಬಿಡಿ.

ಕೆಲವೊಮ್ಮೆ ಜಗಳ ಹಕ್ಕಿನದ್ದು. ಪಿಂಕ್ ಫ್ಲಾಯ್ಡ್ ಬ್ಯಾಂಡಿನ 1981ರ ಸಂಗ್ರಹಕ್ಕೆ 'ಮನಿ' ಹಾಡು ಬೇಕಿತ್ತು. ಅಮೆರಿಕದಲ್ಲಿ ಅದರ ಹಕ್ಕು ಇದ್ದದ್ದು ಹಳೆ ಕಂಪನಿ ಕ್ಯಾಪಿಟಲ್ ಕೈಯಲ್ಲಿ. ಅವರು ಕೊಡಲಿಲ್ಲ. ಬ್ಯಾಂಡಿನ ಗಿಟಾರಿಸ್ಟ್ ಡೇವಿಡ್ ಗಿಲ್ಮೋರ್ ಸ್ಟುಡಿಯೋಗೆ ಹೋಗಿ ಡ್ರಮ್ಸಿನಿಂದ ಹಿಡಿದು ಹೆಚ್ಚುಕಮ್ಮಿ ಎಲ್ಲ ವಾದ್ಯ ತಾನೇ ನುಡಿಸಿ ಹಾಡನ್ನು ಮತ್ತೆ ರೆಕಾರ್ಡ್ ಮಾಡಿದರು. ಇದು ರೀಮಿಕ್ಸ್ ಅಲ್ಲ, ಹೊಸದಾಗಿ ಹಾಡಿದ್ದು.

'ದಿ ಪೊಲೀಸ್' ಬ್ಯಾಂಡಿನ 1986ರ ಕಥೆ ಇನ್ನೂ ತಮಾಷೆ. ರೆಕಾರ್ಡ್ ಮಾಡಲು ಮೂವರೂ ಮತ್ತೆ ಸೇರಿದರು. ಅಷ್ಟರಲ್ಲಿ ಡ್ರಮ್ಮರ್ ಸ್ಟುವರ್ಟ್ ಕೋಪ್‌ಲ್ಯಾಂಡ್ ಕುದುರೆಯಿಂದ ಬಿದ್ದು ಹೆಗಲ ಮೂಳೆ ಮುರಿದುಕೊಂಡರು. ಡ್ರಮ್ಸ್ ಬಾರಿಸುವ ಹಾಗಿಲ್ಲ, ಯಂತ್ರದಲ್ಲಿ ತಾಳ ಕೂರಿಸಬೇಕು, ಯಾವ ಯಂತ್ರ ಅಂತ ಅದಕ್ಕೂ ಜಗಳ. ಕೊನೆಗೆ ಆ ಸಂಗ್ರಹಕ್ಕೆ ಸೇರಿದ್ದು ಹೊಸದಾಗಿ ಹಾಡಿದ ಒಂದೇ ಒಂದು ಹಳೆ ಹಾಡು. ಅದೂ ಹಳೆಯದರ ಮುಂದೆ ಸಪ್ಪೆ.

ನಮ್ಮ ಕಡೆ ಮೀನುಸಾರು ಮರುದಿನ ಕುದಿಸಿದರೆ ರುಚಿ ಜಾಸ್ತಿ ಅನ್ನುತ್ತಾರೆ. ಹಾಡಿಗೆ ಆ ಮಾತು ನಡೆಯುವುದಿಲ್ಲ. 1987ರಲ್ಲಿ ಝೀಝೀ ಟಾಪ್ ಬ್ಯಾಂಡಿನ ಎಪ್ಪತ್ತರ ದಶಕದ ಆಲ್ಬಮ್ಮುಗಳನ್ನು ಸಿಡಿಗೆ ತರುವಾಗ ಎಂಬತ್ತರ ದಶಕದ ದಢಾಂ ದಢಾಂ ಡ್ರಮ್ಸ್ ಸದ್ದು ಹಚ್ಚಿದರು. ಆಗಿನ ಫ್ಯಾಷನ್ ಅದು. ಮೂಲ ಮಿಕ್ಸ್ ಬೇಕೆಂದವರು ವರ್ಷಗಟ್ಟಲೆ ಹಳೆ ಎಲ್‌ಪಿ ಹುಡುಕಬೇಕಾಯಿತು. ನನಗೆ ಸಿಟ್ಟು ಬರುವುದು ಇಲ್ಲಿ. ಹೊಸ ಮಿಕ್ಸ್ ಮಾಡಲಿ, ಎಷ್ಟು ಬೇಕಾದರೂ ಮಾಡಲಿ, ಹಳೆಯದನ್ನು ಅಂಗಡಿಯಿಂದ ಎತ್ತಬಾರದು ಅಲ್ವಾ?

ಪ್ರಶ್ನೆ: ಹಾಗಾದರೆ ಸಿಂಗಲ್‌ಗೆ, ಅಂದರೆ ಆಲ್ಬಮ್ಮಿನಿಂದ ಒಂದೇ ಹಾಡನ್ನು ಬೇರೆಯಾಗಿ ಬಿಡುವಾಗ, ಬೇರೆ ಮಿಕ್ಸ್ ಯಾಕೆ?
— ಓದುಗರು, ಸುರತ್ಕಲ್

ಉತ್ತರ: ರೇಡಿಯೋಗೋಸ್ಕರ. ಕಾರಿನ ಪುಟ್ಟ ಸ್ಪೀಕರಿನಲ್ಲಿ, ರಸ್ತೆಯ ಗದ್ದಲದ ನಡುವೆ ಮಾತು ಕೇಳಬೇಕು, ಹಾಗಾಗಿ ಗಾಯಕರ ದನಿ ಮುಂದಕ್ಕೆ ತರುತ್ತಾರೆ. ಉದ್ದವೂ ಕಡಿಮೆ ಇರಬೇಕು. ದಿ ಡೋರ್ಸ್ ಬ್ಯಾಂಡಿನ 'ಲೈಟ್ ಮೈ ಫೈರ್' ಆಲ್ಬಮ್ಮಿನಲ್ಲಿ ಸುಮಾರು 7 ನಿಮಿಷ, 1967ರ ಸಿಂಗಲ್‌ನಲ್ಲಿ 3 ನಿಮಿಷಕ್ಕೂ ಕಡಿಮೆ. ಇದು ಬರೀ ಕತ್ತರಿ ಕೆಲಸ. ಸೈಮನ್ ಮತ್ತು ಗಾರ್‌ಫಂಕೆಲ್‌ರ 'ದಿ ಸೌಂಡ್ ಆಫ್ ಸೈಲೆನ್ಸ್' ನೋಡಿ. 1964ರಲ್ಲಿ ಬರೀ ಗಿಟಾರಿಗೆ ಹಾಡಿದ್ದು, ಓಡಲಿಲ್ಲ. ಮರುವರ್ಷ ನಿರ್ಮಾಪಕ ಟಾಮ್ ವಿಲ್ಸನ್ ಇವರಿಬ್ಬರಿಗೂ ಹೇಳದೆ ಅದರ ಮೇಲೆ ಡ್ರಮ್ಸ್, ಎಲೆಕ್ಟ್ರಿಕ್ ಗಿಟಾರ್ ಹಾಕಿಸಿ ಸಿಂಗಲ್ ಬಿಟ್ಟರು. 1966ರ ಜನವರಿಯಲ್ಲಿ ಅಮೆರಿಕದಲ್ಲಿ ನಂಬರ್ ಒನ್! ಕೇಳದೆ ಮಾಡಿದ್ದು ತಪ್ಪು ಅನ್ನೋಣ ಅಂದರೆ, ಬೇರೆ ಬೇರೆಯಾಗಿದ್ದ ಜೋಡಿ ಮತ್ತೆ ಒಂದಾಗಿದ್ದೇ ಅದರಿಂದ.

ಪ್ರಶ್ನೆ: ರೀಮಾಸ್ಟರ್ ಅಂದರೂ ಇದೇನಾ?
— ಓದುಗರು, ಉಡುಪಿ

ಉತ್ತರ: ಅಲ್ಲ. ರೀಮಾಸ್ಟರ್‌ನಲ್ಲಿ ಮುಗಿದ ಮಿಕ್ಸಿಗೇ ಒಟ್ಟಾರೆ ಒಪ್ಪ ಹಾಕುತ್ತಾರೆ. ಚೆಂಡೆಯೊಂದನ್ನೇ ಇಳಿಸುವ ಹಾಗಿಲ್ಲ, ಇಳಿಸಿದರೆ ಭಾಗವತರೂ ಇಳಿಯುತ್ತಾರೆ. ಆ್ಯಪಿನಲ್ಲಿ ಹುಡುಕುವಾಗ ಹಾಡಿನ ಹೆಸರಿನ ಪಕ್ಕ 'ನ್ಯೂ ಮಿಕ್ಸ್' ಅಂತ ಇದೆಯಾ, 'ರೀಮಾಸ್ಟರ್' ಅಂತ ಇದೆಯಾ ನೋಡಿ. ಹಾಂ, ಮಣಿಪಾಲದವರೇ, ಆ 'ಪಾಪ್' ಕ್ಯಾಸೆಟ್ ಬಿಸಾಡಬೇಡಿ. ಮಳೆಗಾಲದಲ್ಲಿ ಟೇಪಿಗೆ ಬೂಷ್ಟು ಹಿಡಿಯುತ್ತದೆ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಇಡಿ.