ಎರಡು ಸಂಸ್ಕೃತಿಗಳಲ್ಲಿ ಬೆಳೆದ ಮನಸ್ಸು: ಹೊರೆಯೋ, ಬಲವೋ?

ಪ್ರಶ್ನೆ: ನಾನು ಧಾರವಾಡದಲ್ಲಿ ಮನಶ್ಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಅಮೆರಿಕದ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಯುವಜನರ ದ್ವಿಸಾಂಸ್ಕೃತಿಕ ಅಸ್ಮಿತೆಯ ಬಗ್ಗೆ ಸೆಮಿನಾರ್ ಮಂಡಿಸಬೇಕಿದೆ. ಎರಡು ಸಂಸ್ಕೃತಿಗಳ ನಡುವೆ ಬೆಳೆದವರು ಖಿನ್ನತೆಗೆ ಬೇಗ ತುತ್ತಾಗುತ್ತಾರೆ ಎಂದು ಕೆಲವರು ಬರೆದರೆ, ಅದೇ ಅವರ ಬಲವೆಂದು ಮತ್ತೆ ಕೆಲವರು ಬರೆಯುತ್ತಾರೆ. ಯಾವುದನ್ನು ನಂಬಲಿ?

ಉತ್ತರ: ಮೊದಲನೆಯದು ಹಳೆಯ ನಂಬಿಕೆ. ಶಿಕಾಗೋದ ಸಮಾಜಶಾಸ್ತ್ರಜ್ಞ ರಾಬರ್ಟ್ ಪಾರ್ಕ್ 1928ರಲ್ಲಿ, ಎರಡು ಸಮಾಜಗಳ ಅಂಚಿನಲ್ಲಿ ನಿಂತ ವಲಸಿಗನು ಎರಡಕ್ಕೂ ಪೂರ್ತಿ ಸೇರದೆ ಒಳಗೊಳಗೇ ತಳಮಳಿಸುತ್ತಾನೆ ಎಂದು ಬರೆದಿದ್ದರು. ಈಗಿನ ಪುರಾವೆಗಳು ಬೇರೆಯೇ ಹೇಳುತ್ತವೆ. ಆಂಜೆಲಾ ನ್ಯೂಯೆನ್ ಮತ್ತು ವೆರೋನಿಕಾ ಬೆನೆಟ್-ಮಾರ್ಟಿನೆಜ್ 83 ಅಧ್ಯಯನಗಳನ್ನು ಒಟ್ಟಾಗಿ ವಿಶ್ಲೇಷಿಸಿ 2013ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಒಂದೇ ಸಂಸ್ಕೃತಿಗೆ ಅಂಟಿಕೊಂಡವರಿಗಿಂತ ಎರಡರಲ್ಲೂ ಬೇರೂರಿದವರ ಮಾನಸಿಕ ಹೊಂದಾಣಿಕೆ ಒಟ್ಟಾರೆಯಾಗಿ ಉತ್ತಮವಾಗಿತ್ತು.

ಹಾಗಾದರೆ ಖಿನ್ನತೆಯ ಮಾತು ಸುಳ್ಳೇ? ಅಲ್ಲ. ಎರಡು ಸಂಸ್ಕೃತಿಗಳು ಇರುವುದು ಒಂದು ವಿಷಯ, ಅವು ತನ್ನೊಳಗೆ ಪರಸ್ಪರ ಹೊಂದಿಕೊಂಡಿವೆಯೆಂದು ಅನ್ನಿಸುವುದು ಇನ್ನೊಂದು. ಬೆನೆಟ್-ಮಾರ್ಟಿನೆಜ್ ಮತ್ತು ಯಾನಾ ಹರಿಟಾಟೋಸ್ 2005ರಲ್ಲಿ ಇದನ್ನೇ ಎರಡಾಗಿ ಬಿಡಿಸಿ ತೋರಿಸಿದರು: ಎರಡು ಸಂಸ್ಕೃತಿಗಳು ತನ್ನಲ್ಲಿ ಬೆರೆತಿವೆಯೋ ಬೇರೆ ಬೇರೆಯಾಗಿ ಉಳಿದಿವೆಯೋ ಎಂಬುದು ಒಂದು, ಅವುಗಳ ನಡುವೆ ಸಾಮರಸ್ಯವಿದೆಯೋ ಸಂಘರ್ಷವಿದೆಯೋ ಎಂಬುದು ಮತ್ತೊಂದು. ಮನೋಸ್ವಾಸ್ಥ್ಯಕ್ಕೆ ಹೆಚ್ಚು ನಂಟಿರುವುದು ಎರಡನೆಯದಕ್ಕೆ. ಮನೆಯಲ್ಲಿ ಒಂದು ರೀತಿ, ಕಾಲೇಜಿನಲ್ಲಿ ಇನ್ನೊಂದು ರೀತಿ ಇದ್ದೂ ನೆಮ್ಮದಿಯಾಗಿರುವ ಯುವಕರಿದ್ದಾರೆ. ಹಾಗಿರುವುದು ದ್ರೋಹವೆಂದು ಅನ್ನಿಸತೊಡಗಿದಾಗ ನೆಮ್ಮದಿ ಕೆಡುತ್ತದೆ.

ಈ ಸಂಘರ್ಷ ಬಹುಮಟ್ಟಿಗೆ ಹೊರಗಿನಿಂದ ಬರುತ್ತದೆ ಎಂಬುದನ್ನು ನಿಮ್ಮ ಮಂಡನೆಯಲ್ಲಿ ದಯವಿಟ್ಟು ಒತ್ತಿ ಹೇಳಿ. ತಾರತಮ್ಯಕ್ಕೆ ಒಳಗಾದವರಲ್ಲಿ ಅದು ಹೆಚ್ಚೆಂದು 2005ರ ಆ ಅಧ್ಯಯನವೇ ತೋರಿಸಿತ್ತು. ಇಂಗ್ಲಿಷ್ ಬಾರದ ತಂದೆತಾಯಿಯ ಪರವಾಗಿ ಆಸ್ಪತ್ರೆಯಲ್ಲಿ ಎಂಟು-ಹತ್ತು ವರ್ಷದ ವಯಸ್ಸಿನಿಂದಲೇ ದುಭಾಷಿಯಾಗಿ ನಿಂತ ಮಗಳು, ಮುಂದೆ ದೂರದ ಊರಿನ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಾಗ, ಕುಟುಂಬವೇ ಮೊದಲೆಂಬ 'ಫಮಿಲಿಸ್ಮೋ' ಮೌಲ್ಯಕ್ಕೂ ತನ್ನ ಆಸೆಗೂ ನಡುವೆ ಸಿಕ್ಕಿಕೊಳ್ಳುತ್ತಾಳೆ. ಅದೇ ಫಮಿಲಿಸ್ಮೋ ಕಷ್ಟಕಾಲದಲ್ಲಿ ಅವಳಿಗೆ ಆಸರೆಯೂ ಹೌದು, ಆದ್ದರಿಂದ ಅದನ್ನು ಕೇವಲ ಒತ್ತಡದ ಪಟ್ಟಿಗೆ ಸೇರಿಸುವುದು ಅನ್ಯಾಯ. ಇನ್ನು ಸ್ಪ್ಯಾನಿಷ್ ಸರಿಯಾಗಿ ಬಾರದವರನ್ನು ಸ್ವಂತ ಸಮುದಾಯದವರೇ 'ನೋ ಸಾಬೋ' ('ನನಗೆ ಗೊತ್ತಿಲ್ಲ' ಎಂಬುದರ ತಪ್ಪು ಸ್ಪ್ಯಾನಿಷ್ ರೂಪ) ಎಂದು ಹಂಗಿಸುತ್ತಾರೆ. ಹೊರಗಿನವರು ಪರಕೀಯನೆಂದು ನೋಡುತ್ತಾರೆ. 'ನಿ ದೆ ಆಕಿ, ನಿ ದೆ ಆಯಾ', ಅಂದರೆ ಇಲ್ಲಿಯವನೂ ಅಲ್ಲ ಅಲ್ಲಿಯವನೂ ಅಲ್ಲ ಎಂದು ಈ ಯುವಜನರು ಹೇಳುವುದು ಈ ಎರಡು ಬದಿಯ ನಿರಾಕರಣೆಯ ಬಗ್ಗೆ.

ಪರಿಸರವೂ ಲೆಕ್ಕಕ್ಕೆ ಬರುತ್ತದೆ. 2020ರ ಜನಗಣತಿಯಂತೆ ಮೂರನೇ ಎರಡರಷ್ಟಕ್ಕಿಂತ ಹೆಚ್ಚು ಮಂದಿ ಹಿಸ್ಪ್ಯಾನಿಕ್ (ಸ್ಪ್ಯಾನಿಷ್ ಭಾಷಿಕ ದೇಶಗಳ ಮೂಲದವರು) ಆಗಿರುವ ಫ್ಲಾರಿಡಾದ ಮಯಾಮಿ-ಡೇಡ್ ಕೌಂಟಿಯಲ್ಲಿ ಅಂಗಡಿಯಲ್ಲೂ ಬ್ಯಾಂಕಿನಲ್ಲೂ ಸ್ಪ್ಯಾನಿಷ್ ನಡೆಯುವುದರಿಂದ, ಅಲ್ಲಿನ ಕ್ಯೂಬನ್ ಮೂಲದ ಯುವಕ ಎರಡೂ ಭಾಷೆಗಳನ್ನು ಸಂಕೋಚವಿಲ್ಲದೆ ಬಳಸಬಲ್ಲ. ತನ್ನಂಥವರು ಬೆರಳೆಣಿಕೆಯಷ್ಟಿರುವ ಊರಿನ ಗ್ವಾಟೆಮಾಲಾ ಮೂಲದವನಿಗೆ ಆ ಅನುಕೂಲವಿಲ್ಲ. ಬಾಲ್ಯದಲ್ಲೇ ದಾಖಲೆಯಿಲ್ಲದೆ ಬಂದು, ಅಂಥವರನ್ನು ಗಡೀಪಾರಿನಿಂದ ತಾತ್ಕಾಲಿಕವಾಗಿ ರಕ್ಷಿಸುವ 2012ರ ಡಾಕಾ (DACA) ಯೋಜನೆಯಡಿ ಎರಡು ವರ್ಷಕ್ಕೊಮ್ಮೆ ಅನುಮತಿ ನವೀಕರಿಸಿಕೊಳ್ಳುತ್ತಾ ಬದುಕುವವರ ಆತಂಕವಂತೂ ಕಾನೂನಿನಿಂದ ಹುಟ್ಟಿದ್ದು. ಅದಕ್ಕೆ ಅಸ್ಮಿತೆಯ ಗೊಂದಲವೆಂದು ಹೆಸರಿಡುವುದು ತಪ್ಪು ರೋಗನಿರ್ಣಯ.

ಒಂದು ಎಚ್ಚರಿಕೆ. ಈ ಕ್ಷೇತ್ರದ ಬಹಳಷ್ಟು ಅಧ್ಯಯನಗಳು ಒಮ್ಮೆ ಮಾತ್ರ ಪ್ರಶ್ನಾವಳಿ ತುಂಬಿಸಿಕೊಂಡು, ಅದೂ ಕಾಲೇಜು ವಿದ್ಯಾರ್ಥಿಗಳಿಂದ, ನಡೆದಂಥವು. ಸಾಮರಸ್ಯದ ಭಾವದಿಂದ ಮನಸ್ಸು ಹಗುರಾಯಿತೋ, ಮನಸ್ಸು ಹಗುರಾಗಿದ್ದವರಿಗೆ ಸಾಮರಸ್ಯ ಕಂಡಿತೋ ಎಂಬುದನ್ನು ಅವು ಹೇಳಲಾರವು. ಆದ್ದರಿಂದ ನೀವು ಓದಿದ ಪ್ರತಿ ಲೇಖನದಲ್ಲೂ ಅಳೆದದ್ದು ಸ್ಪ್ಯಾನಿಷ್ ಬಳಕೆಯನ್ನೋ, ಸೇರಿದ ಭಾವವನ್ನೋ, ಸಂಘರ್ಷವನ್ನೋ ಎಂದು ಮೊದಲು ಗುರುತು ಹಾಕಿಕೊಳ್ಳಿ; ನಿಮಗೆ ಎದುರಾದ ವಿರೋಧಾಭಾಸದ ಬಹುಪಾಲು ಅಲ್ಲಿಯೇ ಬಿಡಿಸಿಕೊಳ್ಳುತ್ತದೆ.