ಓದುಗರ ಪ್ರಶ್ನೆ: ರೇಸ್ ಕಾರಿನ ಮುಂಗಾಜು ಪ್ಲಾಸ್ಟಿಕ್ಕಿನದೋ, ಗಾಜಿನದೋ?

ಪ್ರಶ್ನೆ: ಹಳೆಯ ಎಸ್ಟೀಮ್ ಕಾರನ್ನು ಆಟೋಕ್ರಾಸ್‌ಗೂ (ಮಣ್ಣಿನ ಮೈದಾನದ ಕಾರ್ ಸ್ಪರ್ಧೆ) ಚೆನ್ನೈ ಬಳಿಯ ಶ್ರೀಪೆರಂಬುದೂರಿನ ರೇಸ್ ಟ್ರ್ಯಾಕಿಗೂ ಸಜ್ಜು ಮಾಡುತ್ತಿದ್ದೇನೆ. ಮುಂದಿನ ಗಾಜು ಬಿರುಕು ಬಿಟ್ಟಿದೆ. ತೂಕ ಇಳಿಸಲು ಪಾಲಿಕಾರ್ಬೊನೇಟ್ (ಪಾರದರ್ಶಕ ಗಟ್ಟಿ ಪ್ಲಾಸ್ಟಿಕ್) ಹಾಕಿಸು ಅಂತಾರೆ ಗೆಳೆಯರು. ಕಾರನ್ನು ರಸ್ತೆಯಲ್ಲೇ ಓಡಿಸಿಕೊಂಡು ಹೋಗಬೇಕು. ಏನು ಮಾಡಲಿ?

ಉತ್ತರ: ಮುಂದಕ್ಕೆ ಲ್ಯಾಮಿನೇಟೆಡ್ ಗಾಜನ್ನೇ, ಅಂದರೆ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಅಂಟಿಸಿದ್ದನ್ನೇ, ಹಾಕಿಸಿ. ರಸ್ತೆಗಿಳಿಯುವ ಕಾರಿಗೆ ಕಾನೂನು ಕೇಳುವುದೂ ಅದನ್ನೇ. ಲೆಕ್ಕ ನೋಡಿ: 5 ಮಿ.ಮೀ. ದಪ್ಪದ ಗಾಜು ಚದರ ಮೀಟರಿಗೆ ಸುಮಾರು 12 ಕಿಲೋ ತೂಗಿದರೆ, ಅಷ್ಟೇ ದಪ್ಪದ ಪಾಲಿಕಾರ್ಬೊನೇಟ್ 6 ಕಿಲೋ. ಮುಕ್ಕಾಲು ಚದರ ಮೀಟರಿನ ಮುಂಗಾಜಿನಲ್ಲಿ ಉಳಿತಾಯವಾಗುವುದು ನಾಲ್ಕೂವರೆ ಕಿಲೋ ಮಾತ್ರ. ಅದಕ್ಕಾಗಿ ಕಳೆದುಕೊಳ್ಳುವುದು ನೋಟದ ಸ್ಪಷ್ಟತೆ. ಆಟೋಕ್ರಾಸ್ ಮೈದಾನದ ಕೆಮ್ಮಣ್ಣು ಕೂತ ಮೇಲೆ ಒಣ ವೈಪರ್ ಒಮ್ಮೆ ಆಡಿದರೂ ಲೇಪವಿಲ್ಲದ ಪಾಲಿಕಾರ್ಬೊನೇಟ್ ಮೇಲೆ ಅರ್ಧಚಂದ್ರಾಕಾರದ ಗೀರು ಬೀಳುತ್ತದೆ. ಸಂಜೆ ಬಿಸಿಲು ಎದುರಿಗಿದ್ದಾಗ ಆ ಗೀರುಗಳೆಲ್ಲ ಹೊಳೆದು ತಿರುವೇ ಕಾಣುವುದಿಲ್ಲ.

ಕಲ್ಲು ಬಡಿದಾಗ ಪಾಲಿಕಾರ್ಬೊನೇಟ್ ಗಾಜಿಗಿಂತ ಎಷ್ಟೋ ಗಟ್ಟಿ, ಆ ಮಾತು ನಿಜ. ಆದರೆ ಲ್ಯಾಮಿನೇಟೆಡ್ ಗಾಜು ಒಡೆದರೂ ನಡುವಿನ ಪದರ ಚೂರುಗಳನ್ನು ಹಿಡಿದಿಡುತ್ತದೆ. ತೂಕ ಇಳಿಸಲೇಬೇಕೆಂದಿದ್ದರೆ ನಿಮ್ಮ ಸ್ಪರ್ಧಾ ವರ್ಗದ ನಿಯಮಪುಸ್ತಕ ಮತ್ತು ರಸ್ತೆ ನಿಯಮ ಎರಡೂ ಒಪ್ಪುವ ಕಡೆ, ಹಿಂದಿನ ಗಾಜಿನಿಂದ ಶುರುಮಾಡಿ. ಅಲ್ಲಿ ಗೀರು ಬಿದ್ದರೂ ಅಷ್ಟು ಅಪಾಯವಿಲ್ಲ. ಅಗ್ಗಕ್ಕೆ ಸಿಗುವ ಅಕ್ರಿಲಿಕ್ ಪ್ಲಾಸ್ಟಿಕ್ ಹಾಳೆ ಮಾತ್ರ ಎಲ್ಲೂ ಬೇಡ. ಅದು ಚೂಪು ಚೂರುಗಳಾಗಿ ಸಿಡಿಯುತ್ತದೆ.

ಪ್ರಶ್ನೆ: ನನ್ನದು ಟ್ರೇಲರಿನಲ್ಲಿ ಹೋಗುವ, ಟ್ರ್ಯಾಕಿಗಷ್ಟೇ ಮೀಸಲಾದ ಕಾರು. ಪಾಲಿಕಾರ್ಬೊನೇಟ್ ಮುಂಗಾಜಿಗೆ ಸ್ಕ್ರೂ ಹಾಕಿದ ಕಡೆಯೆಲ್ಲ ನಕ್ಷತ್ರದಂತೆ ಸೀಳು ಬಂದಿದೆ. ಯಾಕೆ?

ಉತ್ತರ: ನೀವು ಕೊರೆದ ರಂಧ್ರ ಸ್ಕ್ರೂಗೆ ತೀರಾ ಬಿಗಿಯಾಗಿದ್ದಿರಬಹುದು. 1.3 ಮೀಟರ್ ಅಗಲದ ಹಾಳೆ, ಶಾಖ 40 ಡಿಗ್ರಿ ಏರಿದರೆ ಸುಮಾರು 3.5 ಮಿ.ಮೀ. ಹಿಗ್ಗುತ್ತದೆ, ಅಷ್ಟೇ ಅಗಲದ ಗಾಜು ಅರ್ಧ ಮಿ.ಮೀ.ಯಷ್ಟೇ. ಹಿಗ್ಗಲು ಜಾಗವಿಲ್ಲದಿದ್ದರೆ ರಂಧ್ರದ ಅಂಚೇ ಸೀಳುತ್ತದೆ. 5 ಮಿ.ಮೀ. ಸ್ಕ್ರೂಗೆ 8 ಮಿ.ಮೀ. ರಂಧ್ರ ಕೊರೆಯಿರಿ, ಅದು ಹಾಳೆಯ ಅಂಚಿನಿಂದ ಕನಿಷ್ಠ 16 ಮಿ.ಮೀ. ಒಳಗಿರಲಿ. ಕೊರೆದ ಅಂಚನ್ನು ನುಣ್ಣಗೆ ಉಜ್ಜಿ. ಒರಟು ಉಳಿದರೆ ಸೀಳು ಅಲ್ಲಿಂದಲೇ ಹೊರಡುತ್ತದೆ. ಅಗಲ ವಾಷರಿನಡಿ ರಬ್ಬರ್ ಇಟ್ಟು, ರಬ್ಬರ್ ತುಸುವೇ ಅದುಮುವಷ್ಟು ಬಿಗಿ ಮಾಡಿ. ಸ್ಕ್ರೂ ಸಡಿಲಾಗದಿರಲು ಹಾಕುವ ಅಂಟುದ್ರವ ಪಾಲಿಕಾರ್ಬೊನೇಟಿಗೆ ವಿಷ. ಅದರ ಬದಲು ಒಳಗೆ ನೈಲಾನ್ ಬಳೆಯಿರುವ ನೈಲಾಕ್ ನಟ್ ಬಳಸಿ.

ಒಳಗಡೆ ಆಧಾರ ಕೊಟ್ಟಿದ್ದೀರಾ? ಗಂಟೆಗೆ 160 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಒತ್ತಡ ಚದರ ಮೀಟರಿಗೆ 120 ಕಿಲೋ ಭಾರದ ಹತ್ತಿರ ಹೋಗಬಹುದು. ಹಾಳೆ ಒಳಕ್ಕೆ ಬಾಗಿ ಅದುರುತ್ತದೆ. ಚಾವಣಿಯಿಂದ ಡ್ಯಾಶ್‌ಬೋರ್ಡ್ ತನಕ 3 ಮಿ.ಮೀ. ದಪ್ಪದ ಎರಡು ಅಲ್ಯೂಮಿನಿಯಂ ಪಟ್ಟಿ, ನಡುವೆ ತೆಳು ಫೋಮ್ ಕೊಟ್ಟು ಕೂರಿಸಿ.

ಒರೆಸುವುದರಲ್ಲೂ ಎಚ್ಚರ: ಪೆಟ್ರೋಲ್, ಥಿನ್ನರ್, ಬ್ರೇಕ್ ಕ್ಲೀನರ್, ಅಮೋನಿಯಾ ಇರುವ ಗಾಜಿನ ದ್ರವ ಯಾವುದೂ ತಾಗಬಾರದು. ಮೊದಲು ನೀರು ಸುರಿದು ಮಣ್ಣು ಇಳಿಸಿ, ಆಮೇಲೆ ಸೌಮ್ಯ ಸೋಪುನೀರು, ಮೆತ್ತನೆ ಬಟ್ಟೆ. ಈಗಾಗಲೇ ಸೀಳಿದ ಹಾಳೆಯನ್ನು ತೆಗೆದುಹಾಕಿ. ಹೊಸದು ಕೊಳ್ಳುವಾಗ ಗೀರುನಿರೋಧಕ ಲೇಪವಿರುವುದನ್ನೇ ಕೇಳಿ, ಲೇಪದ ಬದಿ ಹೊರಕ್ಕಿರಲಿ.