ಸರ್ವೆ ಕಲ್ಲು ಬಿದ್ದ ಹೊಲದಲ್ಲಿ ಅಡಿಕೆ ಸಸಿ ಯಾರು ನೆಡ್ತಾರೆ?

ಓದುಗರ ಪತ್ರ: "ಕೆಆರ್‌ಎಸ್ ಅಮ್ಯೂಸ್‌ಮೆಂಟ್ ಪಾರ್ಕ್ ವಿರುದ್ಧ ರೈತರು ಮಾಡಿದ ಹೋರಾಟದ ಬಗ್ಗೆ ಬರೆದಿದ್ದೀರಿ. ಅಲ್ಲಿ ಒಂದು ಇಟ್ಟಿಗೆಯನ್ನೂ ಇಡುವ ಮೊದಲೇ ಯಾಕಿಷ್ಟು ಗಲಾಟೆ? ತೊಂದರೆ ಆದಮೇಲೆ ಕೇಳಿದರೆ ಆಗಲ್ವಾ? ಇನ್ನೊಂದು ವಿಷಯ. ನಮ್ಮ ಸೋದರಮಾವನ ಊರಿಗೂ ರೋಪ್‌ವೇ, ರೆಸಾರ್ಟ್ ಬರುತ್ತದಂತೆ. ಸರ್ವೆಯವರು ಕಲ್ಲು ನೆಟ್ಟು ಹೋಗಿದ್ದಾರೆ. ಬ್ರೋಕರ್ ಒಬ್ಬರು ಜಮೀನಿಗೆ ಮುಂಗಡ ಕೊಡ್ತೀನಿ ಅಂತಿದ್ದಾರೆ. ತಗೊಳ್ಳಬಹುದಾ?" — ಓದುಗರು, ಮೈಸೂರು

ಸಂಪಾದಕರ ಉತ್ತರ:

ನಿಮ್ಮ ಮೊದಲ ಪ್ರಶ್ನೆಗೆ ಎರಡನೆಯದರಲ್ಲೇ ಉತ್ತರ ಇದೆ. ಮಾವನವರ ಊರಿನಲ್ಲೂ ಇನ್ನೂ ಇಟ್ಟಿಗೆ ಇಟ್ಟಿಲ್ಲ. ಬ್ರೋಕರ್ ಮಾತ್ರ ಆಗಲೇ ಜಗಲಿ ಮೇಲೆ ಕೂತಿದ್ದಾರೆ.

ಕೆಆರ್‌ಎಸ್ ವಿಷಯ ಮೊದಲು ಹೇಳಿಬಿಡ್ತೇನೆ. ಡಿಸ್ನಿಲ್ಯಾಂಡ್ ಮಾದರಿ ಪಾರ್ಕ್, 125 ಅಡಿಯ ಕಾವೇರಿ ಪ್ರತಿಮೆ ಅಂತ ಸುದ್ದಿಯಾಗಿದ್ದು 2018ರಲ್ಲಿ. ಆಮೇಲೆ ಸರ್ಕಾರ ಬದಲಾಯಿತು, ಸದ್ದಡಗಿತು. 2024ರಲ್ಲಿ ಬೃಂದಾವನ ಉದ್ಯಾನ ಮೇಲ್ದರ್ಜೆಗೇರಿಸುವ ಸುಮಾರು 2,663 ಕೋಟಿ ರೂಪಾಯಿಯ ಯೋಜನೆಗೆ ಸಂಪುಟ ಒಪ್ಪಿತು. 2025ರಲ್ಲಿ ರೈತರು ಬೀದಿಗಿಳಿದರು. ಅಣೆಕಟ್ಟೆಯ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆ ಬೇಡ ಎಂದು ಹೈಕೋರ್ಟ್ ಹೇಳಿದ ಜಾಗ ಅದು. ಅಂಥ ಕಡೆ ಜನ ಮೊದಲೇ ಕೇಳದೆ, ಪಾರ್ಕಿನ ಗೇಟು ತೆರೆದ ಮೇಲೆ ಕೇಳಬೇಕಿತ್ತಾ? ಅದಿರಲಿ, 2018ರಿಂದ 2025ಕ್ಕೆ ಏಳು ವರ್ಷ. ಹಳ್ಳಿಯವರ ಪಾಲಿಗೆ ನಿಜವಾದ ಯೋಜನೆ ಅಂದರೆ ಇಂಥ ಕಾಯುವ ವರ್ಷಗಳೇ.

ಬೆಟ್ಟದ ಬುಡದ ಒಂದು ಊರಿಗೆ ಹೋಗಿದ್ದೆ. ಅಲ್ಲೂ ಸರ್ವೆ ಆಗಿತ್ತು. ಒಂದು ಮನೆ ಮುಂದೆ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಅಡಿಕೆ ಸಸಿಗಳು ನಿಂತಿದ್ದವು. ಬೇರು ತೊಟ್ಟೆ ಹರಿದು ನೆಲಕ್ಕೇ ಇಳಿದಿತ್ತು. ಯಾಕಮ್ಮಾ ನೆಟ್ಟಿಲ್ಲ ಅಂದೆ. "ಫಸಲು ಬರೋಕೆ ಐದಾರು ವರ್ಷ ಬೇಕು ಸಾರ್. ಅಷ್ಟರಲ್ಲಿ ಈ ಜಾಗ ನಮ್ದಾಗಿರುತ್ತೋ ಇಲ್ವೋ" ಅಂದರು. ಹಿತ್ತಲ ಕಡೆ ಮನೆಯ ಹೆಂಚು ಜಾರಿತ್ತು. ಅದಕ್ಕೂ ಅದೇ ಉತ್ತರ. ಬೋರ್‌ವೆಲ್ ಕೊರೆಸಲು ಸಾಲ ಕೇಳಿದರೆ ಬ್ಯಾಂಕಿನವರು "ಯೋಜನೆ ಏನಾಗುತ್ತೋ ನೋಡೋಣ ಇರಿ" ಅಂದಿದ್ದರಂತೆ. ಸರ್ಕಾರದ ಒಂದು ಕಾಗದವೂ ಆ ಮನೆಗೆ ಬಂದಿರಲಿಲ್ಲ. ಈ ನಷ್ಟವನ್ನು ಯಾವ ಪರಿಹಾರದ ಪಟ್ಟಿಯಲ್ಲಿ ಬರೀತಾರೆ ಹೇಳಿ?

ಇದಕ್ಕಿಂತ ದೊಡ್ಡ ಪೆಟ್ಟು ಬೀಳೋದು ಪರಿಹಾರದ ಲೆಕ್ಕಕ್ಕೆ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಜಮೀನಿನ ಬೆಲೆ ನಿಗದಿಯಾಗೋದು ಪ್ರಾಥಮಿಕ ಅಧಿಸೂಚನೆಯ ದಿನಕ್ಕೆ, ಅಂದರೆ ಈ ಜಮೀನು ಬೇಕು ಅಂತ ಸರ್ಕಾರ ಮೊದಲು ಪ್ರಕಟಿಸಿದ ದಿನಕ್ಕೆ. ಅದರ ಹಿಂದಿನ ಮೂರು ವರ್ಷ ಅಕ್ಕಪಕ್ಕ ನೋಂದಣಿಯಾದ ಕ್ರಯಪತ್ರ ನೋಡ್ತಾರೆ. ಅವುಗಳಲ್ಲಿ ಜಾಸ್ತಿ ಬೆಲೆಯ ಅರ್ಧದಷ್ಟನ್ನು ತೆಗೆದುಕೊಂಡು ಸರಾಸರಿ ಹಾಕ್ತಾರೆ. ಆ ಮೂರು ವರ್ಷ ಅಂದರೆ ಯಾವುದು? ಊರಲ್ಲಿ "ಬರುತ್ತಂತೆ, ಬರುತ್ತಂತೆ" ಅಂತ ಮಾತು ಓಡಾಡುವ ಕಾಲವೇ. ಆಗ ಎಕರೆಗೆ 30 ಲಕ್ಷ ಎಣಿಸಿಕೊಂಡು, ಮುದ್ರಾಂಕ ಶುಲ್ಕ ಉಳಿಸಲು ಪತ್ರದಲ್ಲಿ 10 ಲಕ್ಷ ಬರೆಸಿದರೆ, ಮಾರಿದವರ ಕೈಗೆ ಪೂರ್ತಿ ಹಣ ಬಂದಿರುತ್ತೆ. ಮಾರದೆ ಉಳಿದ ಪಕ್ಕದ ಹೊಲದವರ ಸರಾಸರಿ ಮಾತ್ರ ಇಳಿಯುತ್ತೆ. ಪಾಪ, ಅವರಿಗೆ ಅದು ಗೊತ್ತಾಗೋದು ಚೆಕ್ ಬಂದ ದಿನ.

ಅಧಿಸೂಚನೆ ಬಂದ ಮೇಲೆ ಜಮೀನು ಮಾರೋಹಾಗಿಲ್ಲ, ಅಡ ಇಡೋಹಾಗಿಲ್ಲ. ಕೈಗಾರಿಕೆಗಳಿಗೆ ಜಮೀನು ಪಡೆಯುವ ಸರ್ಕಾರಿ ಮಂಡಳಿ ಕೆಐಎಡಿಬಿಯ ದಾರಿ ಬೇರೆ. ಅದರ ಕಾಯ್ದೆ 1966ರದು, ಯೋಜನೆಯಿಂದ ಊರಿನ ಜನರಿಗೆ ಏನಾಗುತ್ತೆ ಅಂತ ನೋಡುವ ಸಾಮಾಜಿಕ ಪರಿಣಾಮದ ಅಧ್ಯಯನ ಅದರಲ್ಲಿ ಇಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಗೆ ಹೊರಟಿದ್ದು ಈ ದಾರಿಯಲ್ಲೇ. ಅದು ಪ್ರವಾಸೋದ್ಯಮ ಅಲ್ಲ, ಏರೋಸ್ಪೇಸ್ ಪಾರ್ಕ್, ನಿಜ. ಆದರೆ ಅಲ್ಲಿನ ರೈತರು ಮೂರು ವರ್ಷಕ್ಕೂ ಜಾಸ್ತಿ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಒಂದು ಕಟ್ಟಡ ಏಳಲಿಲ್ಲ, ಹೋದ ವರ್ಷಗಳು ವಾಪಸ್ ಬರಲಿಲ್ಲ.

ಮನೆಯೊಳಗಿನ ಜಗಳದ ಬಗ್ಗೆ ಪೇಪರಿನಲ್ಲಿ ಬರೋದು ಕಮ್ಮಿ. ಎಕರೆ ಬೆಲೆ ಏರಿದೆ ಅಂತ ಸುದ್ದಿ ಹಬ್ಬಿದ ಕೂಡಲೇ ಅಣ್ಣತಮ್ಮಂದಿರ ಹಳೇ ಬಾಯಿಮಾತಿನ ಪಾಲು ಮುರಿದುಬೀಳುತ್ತೆ. ಹಬ್ಬಕ್ಕೆ ಬಂದ ತಂಗಿಗೆ ಸೀರೆ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳ್ತಾರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ದೇಶಾದ್ಯಂತ ಕಾನೂನು ಬಂದಿದ್ದು 2005ರಲ್ಲಿ. ಊರಿಗೆ ಅದು ನೆನಪಾಗೋದು ಬ್ರೋಕರ್ ಬಂದಾಗ. ಯೋಜನೆ ರದ್ದಾದರೂ ಕೋರ್ಟಿನಲ್ಲಿರುವ ಪಾಲಿನ ದಾವೆ ರದ್ದಾಗಲ್ಲ.

ನಾನು ಪ್ರವಾಸೋದ್ಯಮದ ವಿರೋಧಿ ಅಂತ ತಿಳೀಬೇಡಿ. ಕೊಡಗಿನಲ್ಲಿ ತಮ್ಮ ತೋಟ ತಮ್ಮಲ್ಲೇ ಇಟ್ಟುಕೊಂಡು ಹೋಮ್‌ಸ್ಟೇ ನಡೆಸಿ ಎಷ್ಟೋ ಮನೆಗಳು ನೇರ ಆಗಿವೆ. 2013ರ ಕಾಯ್ದೆಯೂ ಪ್ರವಾಸೋದ್ಯಮವನ್ನು ಸಾರ್ವಜನಿಕ ಉದ್ದೇಶ ಅಂತಲೇ ಸೇರಿಸಿಕೊಂಡಿದೆ. ಆದರೆ ಮೂಲಸೌಕರ್ಯದ ಪಟ್ಟಿಯಿಂದ ಖಾಸಗಿ ಹೋಟೆಲನ್ನು ಹೊರಗಿಟ್ಟಿದೆ. ಹಾಗಾಗಿ "ರೋಪ್‌ವೇ, ರೆಸಾರ್ಟ್" ಅಂತ ಒಂದೇ ಉಸಿರಿನಲ್ಲಿ ಹೇಳಿದರೆ, ಯಾವುದಕ್ಕೆ ಎಷ್ಟು ಎಕರೆ ಅಂತ ಬಿಡಿಸಿ ಕೇಳಿ. ಖಾಸಗಿ ಸಹಭಾಗಿತ್ವ ಇದ್ದರೆ, ಅದೇ ಕಾಯ್ದೆ ಪ್ರಕಾರ ಸಾಮಾನ್ಯವಾಗಿ 70% ಸಂತ್ರಸ್ತ ಕುಟುಂಬಗಳ ಒಪ್ಪಿಗೆ ಬೇಕು. ಸಾಮಾಜಿಕ ಪರಿಣಾಮದ ಅಧ್ಯಯನ ನಡೆಸಿದರೆ ಗ್ರಾಮ ಪಂಚಾಯಿತಿಯ ಜೊತೆ ಮಾತಾಡಲೇಬೇಕು. ಇದೆಲ್ಲ ಇಟ್ಟಿಗೆ ಇಡುವ ಮುಂಚಿನ ಕೆಲಸ. ಆಮೇಲೆ ಕೂಗಿದರೆ ಕೇಳೋರು ಯಾರು?

ಈಗ ಮುಂಗಡದ ವಿಷಯ. ಸದ್ಯಕ್ಕೆ ಬೇಡ ಅನ್ನಿ. ಇವತ್ತಿನ ಬೆಲೆಗೆ ಅಗ್ರಿಮೆಂಟ್ ಮಾಡಿಕೊಂಡು, ನಾಳೆ ಜಾಸ್ತಿ ಬೆಲೆಗೆ ಇನ್ನೊಬ್ಬರಿಗೆ ದಾಟಿಸೋದೇ ಇಂಥವರ ಕಸುಬು. ಖಾಲಿ ಛಾಪಾ ಕಾಗದಕ್ಕೆ, ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಬರೆದುಕೊಡುವ ಜಿಪಿಎಗೆ ಸಹಿ ಬೇಡವೇ ಬೇಡ. ಮಾರಲೇಬೇಕು ಅಂದರೆ ಅಗ್ರಿಮೆಂಟಿಗೆ ಗಡುವು ಇರಲಿ, ಅಕ್ಕತಂಗಿಯರೂ ಸೇರಿ ಎಲ್ಲ ಪಾಲುದಾರರ ಸಹಿ ಇರಲಿ, ಪತ್ರದಲ್ಲಿ ನಿಜವಾದ ಬೆಲೆ ಬರಲಿ. ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ 1978ರ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದ ಮಾರಾಟ ನಿಲ್ಲಲ್ಲ. ಮಾವನವರು ಈ ವಾರವೇ ಪಹಣಿ ತೆಗೆಸಿ, ಋಣ ಮತ್ತು ಇತರ ಹಕ್ಕುಗಳನ್ನು ಬರೆಯುವ 11ನೇ ಕಾಲಂ ನೋಡಲಿ. ಅಲ್ಲಿ ಏನಾದರೂ ನಮೂದಾಗಿದ್ದರೆ ತಕರಾರನ್ನು ಬರೆದು ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಲಿ. 2013ರ ಕಾಯ್ದೆಯಾದರೆ ಅಧಿಸೂಚನೆಯಿಂದ 60 ದಿನ, ಕೆಐಎಡಿಬಿಯಾದರೆ ನೋಟಿಸ್ ಕೈಸೇರಿದ ಮೇಲೆ 30 ದಿನ ಸಮಯ ಇರುತ್ತೆ.